ಕೇಳದೆ ಬಿಟ್ಟ ಒಂದು ಪ್ರಶ್ನೆ

ವಿಚ್ಛೇದನದ ವಕಾಲತ್ತಿನಲ್ಲಿ ಕೂಗಾಡಿ ಹೆಸರು ಮಾಡಿದವರು ಬಹಳ ಮಂದಿ. ಕೇಳಿಸಿಕೊಂಡು ಹೆಸರು ಮಾಡಿದವರು ನಮ್ಮ ಹಿರಿಯ ವಕೀಲರಮ್ಮನವರೊಬ್ಬರೇ. ಗಂಡನ ಏಟನ್ನಾಗಲಿ ಹೆಂಡತಿಯ ಚುಚ್ಚುಮಾತನ್ನಾಗಲಿ ನ್ಯಾಯಾಲಯ ಒಪ್ಪುವಂತೆ ನಿರೂಪಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅಂಥವರು ಈ ತಿಂಗಳು ಕರಿಕೋಟು ಕಳಚುತ್ತಿರುವುದರಿಂದ ಕಿರಿಯರಿಗೆ ದಿಕ್ಕು ತೋಚದಂತಾಗಿದೆ.

ಕಕ್ಷಿದಾರರು ಕಟಕಟೆ ಹತ್ತುವ ಮುನ್ನ ತಾವೇ ಎದುರುಪಕ್ಷದ ವಕೀಲರಾಗಿ ಅವರನ್ನು ಹುರಿದು ಮುಕ್ಕುವುದು ವಕೀಲರಮ್ಮನವರ ಪದ್ಧತಿ. "ಇಲ್ಲೇ ಅತ್ತು ಮುಗಿಸಮ್ಮ, ಅಲ್ಲಿ ಉತ್ತರ ಕೊಡುವೆಯಂತೆ" ಎಂದು ನೀರು ಕೊಟ್ಟು ಮತ್ತೆ ಶುರು ಮಾಡುತ್ತಿದ್ದರು.

ಅವರ ನಡುವಯಸ್ಸಿನಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳು ಬಂದಳು. ಗಂಡ ಇಸ್ತ್ರಿಪೆಟ್ಟಿಗೆಯಿಂದ ಅವಳ ಮುಂಗೈ ಸುಟ್ಟಿದ್ದ. ವೈದ್ಯರ ಚೀಟಿಯಿತ್ತು, ಪಕ್ಕದ ಮನೆಯವರ ಸಾಕ್ಷಿಯಿತ್ತು. ದಾವೆ ನಡೆಯುತ್ತಿರುವಾಗಲೇ ಗಂಡ ಬಿದ್ದು ಕಾಲು ಮುರಿದುಕೊಂಡ. ನೋಡಿಕೊಳ್ಳುವವರಿಲ್ಲವೆಂದು ಈಕೆ ತವರಿನಿಂದ ಮರಳಿ, ಅವನು ಎದ್ದು ಓಡಾಡುವವರೆಗೆ ಜೊತೆಗಿದ್ದು ಉಪಚರಿಸಿದಳು. ಇದನ್ನು ಕೇಳಿ ವಕೀಲರಮ್ಮನವರ ಮನಸ್ಸು ಕರಗಿತು. ಆಕೆಯನ್ನು ಮತ್ತೆ ಗೋಳುಹೊಯ್ದುಕೊಳ್ಳಲಾರದೆ, ಕೇಳಲೇಬೇಕಿದ್ದ ಒಂದು ಪ್ರಶ್ನೆಯನ್ನು ಬಿಟ್ಟರು.

ಎದುರಾಳಿ ವಕೀಲ ಬಿಡಲಿಲ್ಲ.

"ಅಂದ್ರೆ ಯಜಮಾನರನ್ನ ಕ್ಷಮಿಸಿದ್ರಿ ಅಲ್ವೇನಮ್ಮ?"

"ಮಲಗಿದೋರ ಮೇಲೆ ಎಂಥ ಸಿಟ್ಟು ಸ್ವಾಮಿ? ಕ್ಷಮಿಸ್ದೆ."

ಅಷ್ಟೇ ಸಾಕಾಯಿತು. ಕ್ಷಮಿಸಿ ಕೂಡಿ ಬಾಳಿದ ಮೇಲೆ ಹಳೆಯ ಕ್ರೌರ್ಯವೊಂದೇ ವಿಚ್ಛೇದನಕ್ಕೆ ಕಾರಣವಾಗದು, ಗಂಡ ಮತ್ತೆ ಕೈ ಮಾಡಿದರೆ ಮಾತ್ರ ಅದಕ್ಕೆ ಜೀವ ಬರುತ್ತದೆ ಎಂದು ಅರ್ಜಿ ವಜಾ ಆಯಿತು. ನ್ಯಾಯಾಲಯದ ಪಡಸಾಲೆಯಲ್ಲಿ ವಕೀಲರಮ್ಮನವರು ಇದನ್ನು ಆಕೆಗೆ ಬಿಡಿಸಿ ಹೇಳಿದರು. "ಆ ಮನೆಗೆ ಮಾತ್ರ ಹೋಗ್ಬೇಡಮ್ಮ, ಮೇಲ್ಮನವಿ ಹಾಕೋಣ" ಎಂದು ಅಂಗಲಾಚಿದರು. ಆದರೆ "ನೀನೇ ಕ್ಷಮಿಸಿದ್ದೀಯಲ್ಲ, ಅಲ್ಲೇ ಇರು" ಎಂದು ತವರಿನಲ್ಲಿ ಅಣ್ಣ ಬಾಗಿಲು ಹಾಕಿದ. ಆಕೆ ಗಂಡನ ಮನೆಗೇ ಹೋದಳು.

ಕೆಲವು ತಿಂಗಳ ಮೇಲೆ ಮತ್ತೆ ಕಚೇರಿಗೆ ಬಂದವಳ ಕೆನ್ನೆ ಬಾತು, ಎಡಗಣ್ಣಿಗೆ ಬಟ್ಟೆ ಕಟ್ಟಿತ್ತು.

"ಈಗ ಸಾಕಾಗುತ್ತಾ ಅಮ್ಮ?" ಎಂದಳು.

ಸಾಕಾಯಿತು. ವಿಚ್ಛೇದನ ಸಿಕ್ಕಿತು, ಕಣ್ಣು ಮಾತ್ರ ಬರಲಿಲ್ಲ. ಅಭಿನಂದಿಸಲು ಬಂದ ಸಹೋದ್ಯೋಗಿಗಳನ್ನು ವಕೀಲರಮ್ಮನವರು ಬಾಗಿಲಿನಿಂದಲೇ ಕಳಿಸಿದರು. ಅಲ್ಲಿಂದಾಚೆಗೆ ಆ ಪ್ರಶ್ನೆ ಕೇಳದೆ ಯಾರ ವಕಾಲತ್ತನ್ನೂ ಒಪ್ಪಲಿಲ್ಲ. ಎಷ್ಟೋ ಹೆಣ್ಣುಮಕ್ಕಳು ಅದರಿಂದ ಉಳಿದುಕೊಂಡರು.

ಅವರು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ, ಕೋಟು ಕಳಚಿದರೂ ಕಿರಿಯರನ್ನು ಗದರಿಸಿ ತಿದ್ದುತ್ತಿರಲಿ. ಆ ಒಂದು ಕಣ್ಣಿನ ಭಾರವನ್ನು ಇನ್ನಾದರೂ ಇಳಿಸಲಿ ಎಂದೂ ಹಾರೈಸಬೇಕೆನಿಸುತ್ತದೆ. ಆದರೆ ಅವರು ಇಳಿಸುವವರಲ್ಲ.