ಮುಂದೂಡಿದ ನಡಿಗೆ

ಊರಿಗೆ ಬೀಗ ಬಿದ್ದ ಹದಿನೇಳನೆಯ ದಿನ ಬೆಳಿಗ್ಗೆ ಹನ್ನೊಂದು ತಿಂಗಳ ಬೇಗಾಯಿಮ್ ಚಹಾದ ಮೇಜು ಹಿಡಿದು ಎದ್ದು ನಿಂತಳು. ಬೇರೆ ಯಾವ ಮನೆಯಲ್ಲಾದರೂ ಅಜ್ಜಿಯಾದವಳು ಚಪ್ಪಾಳೆ ತಟ್ಟಿ ಕುಣಿದಾಡುತ್ತಿದ್ದಳು. ಸೈರಾಕಾನ್ ಮಾತ್ರ ಮನೆಗೆ ಬೆಂಕಿ ಬಿದ್ದವರ ಹಾಗೆ ಕಿರುಚಿಕೊಂಡಳು.

“ಕೂರ್ಸೇ! ಜಿಪಾರ್, ಮಗೂನ ಮೊದ್ಲು ಕೂರ್ಸು!”

ಸೊಸೆ ಜಿಪಾರ್ ಹಿಟ್ಟಿನ ಕೈಯಲ್ಲೇ ಓಡಿ ಬಂದು ಮಗುವನ್ನು ಕೂರಿಸಿದಳು. ಮಗು ಮತ್ತೆ ಎದ್ದಿತು. ಮತ್ತೆ ಕೂರಿಸಿದಳು. ಇದೇನೋ ಹೊಸ ಆಟ ಅಂದುಕೊಂಡು ಮಗು ಕೇಕೆ ಹಾಕಿತು.

“ಎಷ್ಟು ದಿನ ಅಂತ ಹೀಗೆ ಕೂರ್ಸೋದು ಅಪಾ?” ಅತ್ತೆಯನ್ನು ಅವಳು ಕರೆಯುತ್ತಿದ್ದುದೇ ಹಾಗೆ.

“ರಸ್ತೆ ತೆರೆಯೋ ತನಕ.”

ಆ ಸೀಮೆಯ ಪದ್ಧತಿಯ ಪ್ರಕಾರ ಮಗು ಹೆಜ್ಜೆ ಇಡುವ ಹೊತ್ತಿಗೆ ಅದರ ಎರಡೂ ಕಾಲು ಸೇರಿಸಿ ಕಪ್ಪು ಬಿಳಿ ಉಣ್ಣೆಯ ದಾರ ಕಟ್ಟಬೇಕು. ಜನ ಓಡಿ ಬರಬೇಕು. ಗೆದ್ದವರು ದಾರ ಕತ್ತರಿಸಬೇಕು, ಅವರ ಕಾಲುಗುಣ ಮಗುವಿಗೆ ಬರಬೇಕು. ಇದಕ್ಕಾಗಿ ಸೈರಾಕಾನ್ ಚಳಿಗಾಲವಿಡೀ ಕೂತು ಏರ್ಪಾಡು ಮಾಡಿದ್ದಳು. ಎಂಬತ್ತು ಜನಕ್ಕೆ ಊಟ, ಅದಕ್ಕೊಂದು ಕುರಿ, ಎಲ್ಲಕ್ಕಿಂತ ಮಿಗಿಲಾಗಿ ಕಣಿವೆಯಾಚೆಯ ಅಟ್‌ಬಾಶಿಯಿಂದ ಅಲ್ತಿನಾಯ್. ಜಿಲ್ಲೆಯ ಓಟದಲ್ಲಿ ಮೂರು ಸಲ ಗೆದ್ದ ಹುಡುಗಿ, ಸೈರಾಕಾನಳೇ ತಯಾರು ಮಾಡಿದ ಕಾಲು! ಅಷ್ಟರಲ್ಲಿ ಈ ಹಾಳು ರೋಗ ಬಂತು. ಊಟ ರದ್ದು, ಓಟ ರದ್ದು, ಅಲ್ತಿನಾಯ್ ಕಣಿವೆಯಾಚೆಯೇ ಬಾಕಿ. ಕುರಿ ಮಾತ್ರ ಅಂಗಳದಲ್ಲಿ ಉಳಿದು ಈರುಳ್ಳಿ ಮಡಿಯನ್ನೂ ಕಿಟಕಿಯ ಪರದೆಯನ್ನೂ ತಿಂದು ಹಾಕಿತು. ಸಮಾರಂಭ ರದ್ದಾದ ಮೇಲೆ ನಡಿಗೆಯೂ ರದ್ದಾಗಬೇಕು, ಇದು ಸೈರಾಕಾನಳ ವಾದ. ಮಗುವನ್ನು ಯಾರೂ ಕೇಳಲಿಲ್ಲ.

ಹಾಗಂತ ಅವಳು ಬುದ್ಧಿಗೆಟ್ಟ ಹೆಂಗಸಲ್ಲ. ನರೀನ್ ಪಟ್ಟಣದ ಶಾಲೆಯಲ್ಲಿ ಮೂವತ್ತೊಂದು ವರ್ಷ ಆಟದ ಟೀಚರಾಗಿದ್ದವಳು. ಅವಳು ಶಿಳ್ಳೆ ಊದಿದರೆ ಜ್ವರ ಬಂದವನೂ ಎದ್ದು ಓಡುತ್ತಿದ್ದ. ಆದರೆ ಅವಳು ಮಾತ್ರ ಬೀಳುತ್ತಿದ್ದಳು. ಸಪಾಟು ನೆಲದಲ್ಲಿ ಬೀಳುತ್ತಿದ್ದಳು. ತನ್ನ ಮದುವೆಯ ದಿನ ಅತ್ತೆಮನೆಯ ಹೊಸ್ತಿಲಲ್ಲಿ ಬಿದ್ದಳು, ನಿವೃತ್ತಿಯ ದಿನ ವೇದಿಕೆಯ ಮೇಲೆ ಹೂಗುಚ್ಛದ ಸಮೇತ ಬಿದ್ದಳು. ಎಡವಿದವರನ್ನು ಕಂಡರೆ “ನಿನ್ನ ದಾರ ಕತ್ತರಿಸಿಲ್ವಾ?” ಅಂತ ಛೇಡಿಸುವುದು ಅಲ್ಲಿಯ ರೂಢಿ. ಬೇರೆಯವರಿಗೆ ಅದು ತಮಾಷೆ. ಸೈರಾಕಾನಳ ದಾರವನ್ನು ನಿಜಕ್ಕೂ ಯಾರೂ ಕತ್ತರಿಸಿರಲಿಲ್ಲ. ಕಣಿವೆಯ ಹಿಮ ಕರಗಲಿ ಅಂದಳು ಅವಳ ತಾಯಿ. ಆಮೇಲೆ ಅಪ್ಪ ಮಂದೆ ಹೊಡೆದುಕೊಂಡು ಬರಲಿ ಅಂದಳು. ಆಮೇಲೆ ಉಣ್ಣೆ ಕತ್ತರಿಸುವ ಕಾಲ ಬಂತು. ಅಷ್ಟು ಹೊತ್ತಿಗೆ ಮಗು ತಾನಾಗಿ ನಡೆದು, ತಾನಾಗಿ ಬಿದ್ದೂ ಆಗಿತ್ತು. ಅರವತ್ತೆರಡು ವರ್ಷ ಅವಳು ಊರವರ ಜೊತೆ ತಾನೂ ನಕ್ಕಳು. ಪ್ರತಿ ಸಲವೂ ಅವಳಿಗೆ ನೋವಾಗುತ್ತಿತ್ತು. ಆ ಗತಿ ಮೊಮ್ಮಗಳಿಗೆ ಬರಬಾರದು, ಅಷ್ಟೇ.

ಹೀಗಾಗಿ ಮನೆಯಲ್ಲಿ ಪಾಳಿ ಶುರುವಾಯಿತು. ಬೆಳಿಗ್ಗೆ ಮಗು ಬಟ್ಟೆ ಒಗೆಯುವ ತೊಟ್ಟಿಯಲ್ಲಿ. ಮಧ್ಯಾಹ್ನ ಅಪ್ಪ ಮಿರ್ಲಾನನ ಹೆಗಲ ಮೇಲೆ. ಅವನ ಬಾಡಿಗೆ ವ್ಯಾನು ಹೇಗೂ ನಿಂತಲ್ಲೇ ನಿಂತಿತ್ತು. ಸಂಜೆ ಅಜ್ಜಿಯ ತೊಡೆಯಲ್ಲಿ, ಮೊಣಕಾಲುದ್ದದ ಕಂಬಳಿ ಬೂಟು ಹಾಕಿಸಿಕೊಂಡು.

“ಲಾಕ್‌ಡೌನ್ ಒಳಗೆ ಇದೊಂದು ಲಾಕ್‌ಡೌನು,” ಅಂದ ಮಿರ್ಲಾನ್.

“ಬಾಯಿ ಮುಚ್ಕೊಂಡು ಹೊತ್ಕೊಳ್ಳೋ. ನಿನ್ನನ್ನ ನಾನು ಒಂಬತ್ತು ತಿಂಗಳು ಹೊತ್ಕೊಂಡಿರ್ಲಿಲ್ವಾ?”

ಮೂವತ್ತನೆಯ ದಿನ ಬೇಗಾಯಿಮ್ ತೊಟ್ಟಿ ಹತ್ತಿ ಆಚೆ ಇಳಿದಳು. ಜಿಪಾರ್ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಇನ್ನು ನಾನಂತೂ ಕೂರ್ಸಲ್ಲ ಅಪಾ. ನಾಳೆ ಅವಳು ನಡೀತಾಳೆ. ದಾರ ಕತ್ತರಿಸ್ತೀರೋ ಬಿಡ್ತೀರೋ, ನಿಮಗೆ ಬಿಟ್ಟಿದ್ದು.”

ಸೈರಾಕಾನ್ ಮುಖ ಊದಿಸಿಕೊಂಡು ಓಣಿಯ ತುದಿಯಲ್ಲಿ ದಾರಿ ತಡೆಯಲು ಹಾಕಿದ್ದ ಅಡ್ಡಗಂಬದ ಹತ್ತಿರ ಹೋದಳು. ಅಲ್ಲಿ ಕಾವಲಿಗಿದ್ದವನು ಅವಳ ಹಳೆಯ ಶಿಷ್ಯ ಎಸೆನ್‌ಬೆಕ್, ಟೀಚರನ್ನು ಈಗಲೂ ‘ಎಜೆ’, ಅಕ್ಕ, ಅಂತಲೇ ಕರೆಯುವವನು.

“ಹೊರಗೆ ಬಂದ ಕಾರಣ ಚೀಟೀಲಿ ಬರೀಬೇಕು ಎಜೆ.”

“ಓಟ.”

“ಓಟ ಪಟ್ಟೀಲಿಲ್ಲ. ಔಷಧಿ ಇದೆ, ಬ್ರೆಡ್ ಇದೆ, ಸಾವು ಇದೆ.”

“ಲೋ, ಹಗ್ಗ ಹತ್ತೋಕಾಗ್ದೆ ನಡುವೆ ನೇತಾಡ್ಕೊಂಡು ಅಳ್ತಿದ್ದೆಯಲ್ಲ, ಇಳಿಸಿದ್ದು ಯಾರೋ?”

ಎಸೆನ್‌ಬೆಕ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಆರು ಜನ ಬ್ರೆಡ್‌ಗೆ ಅಂತ ಬರಲಿ. ಕೈಯಲ್ಲಿ ಚೀಲ ಇರ್ಬೇಕು. ನಡುವೆ ಎರಡು ಮೀಟರ್ ಅಂತರ. ಒಬ್ರನ್ನೊಬ್ರು ದಾಟೋ ಹಾಗಿಲ್ಲ.”

“ದಾಟ್ದೆ ಗೆಲ್ಲೋದು ಹೇಗೋ?”

“ಅದು ನನ್ನ ಇಲಾಖೆ ಅಲ್ಲ ಎಜೆ.”

ಹಾಗಾದರೆ ಮುಂದೆ ನಿಂತವರೇ ಗೆದ್ದ ಹಾಗೆ. ಸೈರಾಕಾನ್ ಯೋಚಿಸಿ ಅಂಚೆ ಹಂಚುವ ಗುಲ್ಬಾರಾಳನ್ನು ಮುಂದೆ ನಿಲ್ಲಿಸಿದಳು. ಅಲ್ತಿನಾಯ್ ಅಲ್ಲದಿದ್ದರೂ ದಿನವಿಡೀ ನಡೆಯುವ ಕಾಲು.

ಮರುದಿನ ಹತ್ತು ಗಂಟೆಗೆ ಆರು ಹೆಂಗಸರು ಮಾಸ್ಕು ಹಾಕಿಕೊಂಡು, ಖಾಲಿ ಚೀಲ ಹಿಡಿದು ಅಡ್ಡಗಂಬದ ಬಳಿ ಸಾಲಾಗಿ ನಿಂತರು. ಎಸೆನ್‌ಬೆಕ್ ಕೋಲಿನಿಂದ ಅಂತರ ಅಳೆದ. ಓಣಿಯ ಈ ತುದಿಯಲ್ಲಿ, ಮನೆಯ ಗೇಟಿನ ಮುಂದೆ ಕಾಲಿಗೆ ದಾರ ಕಟ್ಟಿಸಿಕೊಂಡು ಬೇಗಾಯಿಮ್ ಕೂತಿದ್ದಳು. ಪಕ್ಕದಲ್ಲಿ ಕತ್ತರಿ ಹಿಡಿದ ಜಿಪಾರ್. ಸೈರಾಕಾನ್ ಅವರ ಪಕ್ಕ ನಿಂತು, ಮಾಸ್ಕು ತೆಗೆಯದೆಯೇ ಗತ್ತಿನಿಂದ ಶಿಳ್ಳೆ ಎತ್ತಿ ಊದಿದಳು. ಮಾಸ್ಕು ಬುರ್ರೆಂದು ಉಬ್ಬಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ಊದಿದಳು. ಹೆಂಗಸರು ಅವಳನ್ನೇ ಪಿಳಿಪಿಳಿ ನೋಡಿದರು.

“ಓಡ್ರೇ! ಏನು ನೋಡ್ತೀರಾ, ಓಡ್ರೇ!”

ಸಿಟ್ಟಿಗೆ ಅವಳೇ ಅವರತ್ತ ಓಡಿದಳು. ಹತ್ತು ಹೆಜ್ಜೆ ಆಗಿರಬಹುದು. ಕಲ್ಲಿಲ್ಲ, ಗುಂಡಿಯಿಲ್ಲ, ದಬಕ್ಕನೆ ಬಿದ್ದಳು, ಓಣಿಗೆ ಅಡ್ಡವಾಗಿ. ಎದುರಿನಿಂದ ಧಾವಿಸಿ ಬಂದ ಗುಲ್ಬಾರಾ ಗಕ್ಕನೆ ನಿಂತಳು. “ಎರಡು ಮೀಟರ್!” ಅಂತ ಎಸೆನ್‌ಬೆಕ್ ಗಂಟಲು ಹರಿದುಕೊಂಡ. ಅವಳ ಹಿಂದೆ ಉಳಿದ ಐವರೂ ಅಂತರ ಬಿಟ್ಟು ನಿಂತುಬಿಟ್ಟರು. ಮುಂದೆ ಬರುವ ಹಾಗಿಲ್ಲ, ದಾಟುವ ಹಾಗಿಲ್ಲ, ಎತ್ತುವ ಹಾಗೂ ಇಲ್ಲ.

ಆಗ ಬೇಗಾಯಿಮ್ ಎದ್ದಳು. ಜಿಪಾರ್ ದಾರವನ್ನು ಸಡಿಲವಾಗಿ ಕಟ್ಟಿದ್ದಳು, ಬೇಕೆಂದೇ ಇರಬೇಕು. ಅದು ಒಂದು ಕಾಲಿನಿಂದ ಜಾರಿತು. ಮಗು ಒಂದು ಹೆಜ್ಜೆ ಇಟ್ಟಿತು.

“ಕೂತ್ಕೋ! ಕೂತ್ಕೋ ನನ್ನಮ್ಮ!” ಸೈರಾಕಾನ್ ನೆಲದಿಂದಲೇ ಕೂಗಿದಳು.

ಮಗು ಕೂರಲಿಲ್ಲ. ದಾರ ಎಳೆದುಕೊಂಡು, ತೂರಾಡುತ್ತಾ, ಒಮ್ಮೆಯೂ ಬೀಳದೆ ನಡೆದು ಬಂದು ಅಜ್ಜಿಯ ಬೆನ್ನಿಗೆ ಢಿಕ್ಕಿ ಹೊಡೆದು ನಿಂತಿತು.

ಸೈರಾಕಾನ್ ಎದ್ದು ಕೂತು ಅಳತೊಡಗಿದಳು. “ಹೋಯ್ತು. ನನ್ನ ಹಾಗೇ ಆಗೋಯ್ತು.”

“ಎಲ್ಲಿ ನಿಮ್ಮ ಹಾಗೆ? ಅವಳದನ್ನ ಅವಳೇ ಬಿಡಿಸ್ಕೊಂಡ್ಳು,” ಅಂದಳು ಜಿಪಾರ್. ಮಗುವಿನ ಕಾಲಿನಿಂದ ದಾರ ಬಿಚ್ಚಿದಳು. ಬಗ್ಗಿ, ಏನು ಎತ್ತ ಅನ್ನದೆ, ಅದನ್ನು ಅತ್ತೆಯ ಎರಡು ಕಣಕಾಲಿಗೆ ಸುತ್ತಿ ಗಂಟು ಹಾಕಿದಳು.

“ಏನೇ ಇದು? ಜನ ನೋಡ್ತಿದ್ದಾರೆ!”

“ನೋಡ್ಲಿ. ಗುರಿ ಮುಟ್ಟಿದವಳು ಇವತ್ತು ಒಬ್ಬಳೇ ತಾನೇ? ಗೆದ್ದವಳು ಕತ್ತರಿಸ್ತಾಳೆ.”

ಬೇಗಾಯಿಮಳ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಜಿಪಾರ್ ಕತ್ತರಿ ಒತ್ತಿದಳು. ಕಪ್ಪು ಬಿಳಿ ದಾರ ತುಂಡಾಗಿ ಮಣ್ಣಿಗೆ ಬಿತ್ತು. ಆರು ಹೆಂಗಸರು ಎರಡೆರಡು ಮೀಟರ್ ದೂರದಲ್ಲಿ ನಿಂತು ಚಪ್ಪಾಳೆ ತಟ್ಟಿದರು, ಮಾಸ್ಕಿನೊಳಗೆ ಗುಲ್ಬಾರಾ ಬಿಕ್ಕಿದ್ದು ಎಲ್ಲರಿಗೂ ಕೇಳಿಸಿತು. ಸೈರಾಕಾನ್ ಯಾರ ಕೈಯನ್ನೂ ಹಿಡಿಯದೆ ಎದ್ದು ಮನೆಯೊಳಗೆ ಹೋದಳು. ಹೊಸ್ತಿಲು ದಾಟುವಾಗ ಮಿರ್ಲಾನ್ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅವಳು ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಡ್ಡಗಂಬದ ಹತ್ತಿರ ಬಂದು ಚೀಟಿ ಚಾಚಿದಳು. ಹೊರಗೆ ಬಂದ ಕಾರಣ ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ನಡೆಯಲು ಕಲಿಯುತ್ತಿದ್ದೇನೆ.

ಎಸೆನ್‌ಬೆಕ್ ಅದನ್ನು ಎರಡು ಸಲ ಓದಿದ. ಪಟ್ಟಿಯಲ್ಲಿ ಅದು ಇರಲಿಲ್ಲ. ಅಡ್ಡಗಂಬ ಎತ್ತಿದ.