ಅತ್ತೆ ಕೊಟ್ಟ ಹೆಪ್ಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯ ಮನೆಯಲ್ಲಿ ಮೊಸರಕ್ಕ ಮಡಕೆಗಳಿಗೆ ಹೊದಿಸಿದ್ದ ಹಳೆಯ ಕಂಬಳಿಯನ್ನು ಮೆಲ್ಲಗೆ ಸರಿಸುತ್ತಾರೆ. ಒಂದೊಂದೇ ಮಡಕೆಯನ್ನು ತುಸು ಓರೆ ಮಾಡಿ ನೋಡುತ್ತಾರೆ. ಮೊಸರು ಅಲುಗದಿದ್ದರೆ ಪಾಸು. ಅಲುಗಿದರೆ ಅದು ಮಾರಾಟಕ್ಕಿಲ್ಲ, ಮನೆಯ ಮಜ್ಜಿಗೆಗೆ. ಇವತ್ತು ಎಲ್ಲವೂ ಪಾಸಾಗಿವೆ. ಇವರ ಬಗ್ಗೆ ಬರೆಯಲೆಂದು ಬಂದ ನಾನು ಬಾಯಿ ತೆರೆಯುವಷ್ಟರಲ್ಲಿ, "ಶ್, ಈಗ್ತಾನೆ ಕೂತಿದೆ, ಮಾತಾಡಿ ಎಬ್ಬಿಸ್ಬೇಡಿ" ಎಂದು ಗದರುತ್ತಾರೆ. ಮೊಸರಿಗೂ ಕಿವಿ ಇದೆಯೇ ಎಂದು ಕೇಳುವ ಧೈರ್ಯ ನನಗಾಗುವುದಿಲ್ಲ.

ದಿನಕ್ಕೆ ನಲವತ್ತು ಲೀಟರ್ ಹಾಲು. ಕಾಯಿಸುವುದು, ಆರಿಸುವುದು, ಪಾತ್ರೆಗೆ ಮೊಣಕೈ ತಾಗಿಸಿ ಬಿಸಿ ನೋಡುವುದು, ಹೆಪ್ಪು ಹಾಕುವುದು, ಎಲ್ಲಕ್ಕೂ ಅವರೊಬ್ಬರೇ. ಹಬೆ ತಾಗಿದ ಕಲೆಗಳು ಮುಂಗೈಯಿಂದ ಮೊಣಕೈವರೆಗೂ ಇವೆ. ಸೊಂಟ ನೋವಿನ ಬಗ್ಗೆ ಕೇಳಿದರೆ, "ಅದು ನನ್ ಜೊತೇಗೇ ಏಳತ್ತೆ, ನನ್ ಜೊತೇಗೇ ಮಲಗತ್ತೆ, ಬಿಡಿ" ಎನ್ನುತ್ತಾರೆ.

ಮಾರಾಟ ಶುರುವಾಗುವ ಮುನ್ನ ಎರಡು ಸೌಟು ಮೊಸರು ಒಂದು ನೆಗ್ಗಿದ ಸ್ಟೀಲ್ ಬಟ್ಟಲಿಗೆ ಹೋಗುತ್ತದೆ. ಅದೇ ನಾಳೆಯ ಮೊಸರಿಗೆ ಹೆಪ್ಪು. ಇವತ್ತಿನ ಮೊಸರು ನಿನ್ನೆಯದರಿಂದ, ನಿನ್ನೆಯದು ಮೊನ್ನೆಯದರಿಂದ. ಹೀಗೆ ಹಿಂದೆ ಹೋದರೆ ಅತ್ತೆಯ ಕೈ ಸಿಗುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ಬಟ್ಟಲನ್ನು ಮುಟ್ಟಲೂ ಬಿಡದಿದ್ದ ಅತ್ತೆ, ಕಣ್ಣು ಮಂಜಾದ ಮೇಲೆ ಅದನ್ನು ಹಿರಿಸೊಸೆಯಾದ ಇವರ ಕೈಗಿಟ್ಟರು. "ಒಡವೆ ಕೊಡ್ತಾರೆ ಅಂದ್ಕೊಂಡಿದ್ದೆ. ಹೆಪ್ಪು ಕೊಟ್ರು. ಆವಾಗ ಬೇಜಾರಾಗಿತ್ತು, ಸುಳ್ಳು ಹೇಳಲ್ಲ. ಈಗ ಅತ್ತೆ ಇಲ್ಲ. ಅವರ ಕೈರುಚಿ ಇದ್ರಲ್ಲೇ ಉಳ್ಕೊಂಡಿರೋದು."

ಓಣಿಯಲ್ಲಿ ಯಾರು ಹೆಪ್ಪು ಕೇಳಿದರೂ ಇವರು ಇಲ್ಲ ಎಂದವರಲ್ಲ. ಒಬ್ಬರಿಗೆ ಮಾತ್ರ ಇಲ್ಲ ಎಂದಿದ್ದಾರೆ: ಮೈದುನನ ಹೆಂಡತಿಗೆ, ಅಂದರೆ ಓರಗಿತ್ತಿಗೆ. ಮನೆ ಪಾಲಾದಾಗ ಕೇಳಿಕೊಂಡು ಬಂದವಳನ್ನು, "ಅತ್ತೆ ನನಗೆ ಕೊಟ್ಟಿದ್ದು" ಎಂದು ಬರಿಗೈಯಲ್ಲಿ ಕಳಿಸಿದ್ದರು. ಆಮೇಲೆ ಮಾತು ನಿಂತಿತು. ಇದನ್ನು ಹೇಳುವಾಗ ಮೊಸರಕ್ಕ ನನ್ನನ್ನು ನೋಡುವುದಿಲ್ಲ, ಮಡಕೆಯನ್ನು ನೋಡುತ್ತಾರೆ.

ಬಿಸಿಲು ಬೀಳುವಷ್ಟರಲ್ಲಿ ಬಾಗಿಲಲ್ಲಿ ಜನ. ಇವರಲ್ಲಿ ಮೊಸರು ತಿನ್ನುವವರು ಎಷ್ಟು ಜನ ಎಂಬುದೇ ನನ್ನ ಅನುಮಾನ. ಟೈಲರ್ ಹೆಂಡತಿಗೆ ಕಡಲೆಹಿಟ್ಟಿನ ಜೊತೆ ಕಲಸಿ ಮುಖಕ್ಕೆ ಹಚ್ಚಲು ಬೇಕು. ಕ್ಷೌರಿಕನಿಗೆ ಗಿರಾಕಿಗಳ ತಲೆಹೊಟ್ಟಿಗೆ. ಟ್ಯಾಕ್ಸಿ ಡ್ರೈವರ್ ಮನೆಯಲ್ಲಿ ಮಾಂಸ ನೆನೆಸಬೇಕು, ಮೆತ್ತಗೆ ಬೇಯಲಿ ಎಂದು. ನಿವೃತ್ತ ಮೇಷ್ಟ್ರು ಉಪ್ಪು ಬೆರೆಸಿ ಬಾಗಿಲ ಹಿತ್ತಾಳೆ ಹಿಡಿಕೆ ಉಜ್ಜುತ್ತಾರೆ. ಇಷ್ಟು ಕಷ್ಟಪಟ್ಟು ಮಾಡಿದ್ದು ಹಿಡಿಕೆಗೆ ಹೋದರೆ ಬೇಸರವಿಲ್ಲವೇ? "ಹೊಟ್ಟೆಗೋ ಹಿಡಿಕೆಗೋ, ಒಟ್ನಲ್ಲಿ ಉಪಯೋಗಕ್ಕೆ ಬಂತಲ್ಲ!"

ಮಧ್ಯಾಹ್ನ ಎಲ್ಲ ಮಾರಿ, ಮಡಕೆ ತೊಳೆದಿಟ್ಟು ಒಳಗೆ ಹೋದ ಮೊಸರಕ್ಕ ಅಲ್ಲೇ ನಿಂತುಬಿಡುತ್ತಾರೆ. ಸ್ಟೀಲ್ ಬಟ್ಟಲು ಬರಿದಾಗಿದೆ. ಹಿತ್ತಲಲ್ಲಿ ಯಜಮಾನರು ಬೋಳುತಲೆಗೆ ಬೆಳ್ಳಗೆ ಬಳಿದುಕೊಂಡು ಆರಾಮಾಗಿ ಕೂತಿದ್ದಾರೆ. ಮನೆಗಳಿಗೆ ಬಣ್ಣ ಹೊಡೆಯುವ ಕೆಲಸ ಅವರದು. ಬೆಳಗಿನಿಂದ ಬಿಸಿಲಲ್ಲಿ ಗೋಡೆ ಹತ್ತಿ ಬಂದಿದ್ದಾರೆ. "ತಲೆ ಉರೀತಿತ್ತು ಕಣೆ. ಬಿಸಿಲಿಗೆ ಮೊಸರು ಹಚ್ಚಿ ಅಂತ ಊರಿಗೆಲ್ಲ ನೀನೇ ಹೇಳ್ತೀಯಲ್ಲ?"

ಮೊಸರಕ್ಕ ಆ ತಲೆಯನ್ನೇ ದಿಟ್ಟಿಸುತ್ತಾರೆ. ಕೆರೆದು ತೆಗೆಯಬಹುದೇ ಎಂದು ಲೆಕ್ಕ ಹಾಕುತ್ತಿರುವುದು ನನಗೂ ಗೊತ್ತಾಗುತ್ತದೆ. ಅದು ಆಗಲೇ ಒಣಗಿ ಬಿರುಕು ಬಿಟ್ಟಿದೆ. "ಪ್ಯಾಕೆಟ್ ಮೊಸರು ತಂದ್ಕೊಡ್ಲಾ?" ಎನ್ನುತ್ತಾರೆ ಯಜಮಾನರು. "ಅತ್ತೇನ ಇನ್ನೊಂದ್ಸಲ ಕಳ್ಕೊಂಡೆ" ಎನ್ನುತ್ತಾರೆ ಮೊಸರಕ್ಕ. ಆಮೇಲೆ ಸೆರಗು ಸಿಕ್ಕಿಸಿ, ಬಟ್ಟಲು ಹಿಡಿದು, ಚಪ್ಪಲಿ ಮೆಟ್ಟುತ್ತಾರೆ. ಸಂಜೆಯ ಹಾಲು ಬರುವುದರೊಳಗೆ ಹೆಪ್ಪು ಸಿಗಬೇಕು. ನಾನೂ ಹಿಂದೆಯೇ ಓಡುತ್ತೇನೆ.

ಟೈಲರ್ ಹೆಂಡತಿ ತುಟಿ ಅಲುಗಿಸದೆ ಹೇಳುತ್ತಾಳೆ: "ಎಲ್ಲಾ ಮುಖದ್ಮೇಲಿದೆ ಅಕ್ಕ." ಡ್ರೈವರ್ ಮನೆಯದು ಉಪ್ಪು ಖಾರದಲ್ಲಿ ಸೇರಿಹೋಗಿದೆ. ಮೇಷ್ಟ್ರ ಹಿಡಿಕೆಗಳು ಫಳಫಳ ಹೊಳೆಯುತ್ತಿವೆ. ತಿಂದವರ ಮನೆಯಲ್ಲೂ ಪಾತ್ರೆ ತೊಳೆದಾಗಿದೆ. ಕೇಳಿದಾಗಲೆಲ್ಲ ಸಿಗುವ ಹೆಪ್ಪನ್ನು ಯಾರು ತಾನೇ ಎತ್ತಿಡುತ್ತಾರೆ? ಕ್ಷೌರಿಕನ ಅಂಗಡಿಯಲ್ಲಿ ಕೊನೆಯ ಚಮಚ ಕುರ್ಚಿಯಲ್ಲಿ ಕೂತವನ ತಲೆ ಸೇರಿದೆ. ಕೈ ಒರೆಸಿಕೊಳ್ಳುತ್ತ ಅವನೇ ಅಳುಕಿನಿಂದ ಹೇಳುತ್ತಾನೆ: "ನಿಮ್ಮ ಓರಗಿತ್ತಿ ಹತ್ರ ಇರುತ್ತೆ. ನಮ್ಮನೆಯವಳ ಹತ್ರ ನಿಮ್ದೇ ಹೆಪ್ಪು ಇಸ್ಕೊಂಡು ಹೋಗಿದ್ರು. ಆವಾಗಿಂದ ಅದನ್ನ ಕೈ ಬಿಟ್ಟಿಲ್ಲ."

ಮುಂದಿನ ಓಣಿಯ ಆ ಬಾಗಿಲ ಮುಂದೆ ಮೊಸರಕ್ಕ ಬಹಳ ಹೊತ್ತು ನಿಲ್ಲುತ್ತಾರೆ. ತಟ್ಟಲು ಕೈ ಏಳುವುದಿಲ್ಲ. ಕೊನೆಗೆ ಬಾಗಿಲು ತಾನೇ ತೆರೆಯುತ್ತದೆ. ಕಸದ ಬುಟ್ಟಿ ಹಿಡಿದು ಹೊರಬಂದ ಓರಗಿತ್ತಿ ಮೊದಲು ಅಕ್ಕನನ್ನು, ಆಮೇಲೆ ಅತ್ತೆಯ ಖಾಲಿ ಬಟ್ಟಲನ್ನು ನೋಡಿ, ತಿರುಗಿ ಒಳಗೆ ಹೋಗುತ್ತಾಳೆ. ಇನ್ನು ಬಾಗಿಲು ಮುಚ್ಚಿಯೇಬಿಡುತ್ತಾಳೆ ಎಂದುಕೊಳ್ಳುತ್ತೇನೆ. ಅಷ್ಟರಲ್ಲಿ ತಟ್ಟೆ ಮುಚ್ಚಿದ ಒಂದು ಪುಟ್ಟ ಕುಡಿಕೆ ಹಿಡಿದು ಆಕೆ ಹಿಂತಿರುಗುತ್ತಾಳೆ.

ಅಭ್ಯಾಸಬಲದಿಂದ ಮೊಸರಕ್ಕ ಕುಡಿಕೆಯನ್ನು ಓರೆ ಮಾಡುತ್ತಾರೆ. ಮೊಸರು ಅಲುಗುವುದಿಲ್ಲ. ಚಮಚದ ತುದಿಯಷ್ಟು ನಾಲಿಗೆಗೆ ಹಚ್ಚಿಕೊಂಡವರ ಕಣ್ಣು ತುಂಬುತ್ತದೆ. "ಅತ್ತೇದೇ" ಎನ್ನುತ್ತಾರೆ.

"ಹಿಟ್ಟಿಗೆ ಹಾಕಿದ್ರೂ, ತಲೆಗೆ ಹಚ್ಚಿದ್ರೂ, ಮೊದಲು ಒಂದು ಚಮಚ ಎತ್ತಿಟ್ಟೇ ಮುಟ್ಟೋದು" ಎನ್ನುತ್ತಾಳೆ ಓರಗಿತ್ತಿ. "ಅವರು ನನಗೂ ಅತ್ತೇನೇ ಅಲ್ವಾ ಅಕ್ಕ?"

ಸಂಜೆ ಹಾಲು ಹದಕ್ಕೆ ಆರಿದೆ. ಮಡಕೆಗಳ ಮೇಲೆ ಮತ್ತೆ ಕಂಬಳಿ ಬಿದ್ದಿದೆ. ಹೊರಡುವ ಮುನ್ನ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅಂಗಡಿಗೆ ಬೋರ್ಡು, ದೊಡ್ಡ ಫ್ರಿಜ್ಜು, ಹೀಗೇನಾದರೂ ಹೇಳಬಹುದು ಎಂಬುದು ನನ್ನ ಊಹೆ.

"ಹೆಪ್ಪು ಇನ್ಮೇಲೆ ಅವಳ ಮನೇಲೂ ಇರ್ಲಿ" ಎನ್ನುತ್ತಾರೆ ಮೊಸರಕ್ಕ. "ನಮ್ಮನೇಲಿ ಬೋಳುತಲೆ ಇದೆ, ನಂಬೋಕಾಗಲ್ಲ." ನಗುತ್ತಲೇ ಓರಗಿತ್ತಿಯ ಕುಡಿಕೆಯನ್ನು ತೊಳೆದು ಒರೆಸಿ, ಮಡಕೆಗಳ ಪಕ್ಕದಲ್ಲಿ ಇಡುತ್ತಾರೆ. "ನಾಳೆ ಮೊದಲ ಚಮಚ ಇದಕ್ಕೆ. ಯಾರ ಕೈಲೂ ಕಳಿಸಲ್ಲ. ನಾನೇ ಹೋಗಿ ಕೊಟ್ಟು ಬರ್ತೀನಿ."