ಉಷ್ಣ ಎಂದುಕೊಂಡದ್ದು

ಮದುವೆಯಾಗಿ ವರ್ಷ ತುಂಬುವುದರೊಳಗೆ ನನಗೆ ಉಚ್ಚೆ ಹೊಯ್ಯುವಾಗ ಉರಿ ಶುರುವಾಯಿತು. ಚಡ್ಡಿಯ ಮೇಲೆ ಹಳದಿ ಕೀವಿನ ಕಲೆ. ದೊಡ್ಡಬಳ್ಳಾಪುರದಲ್ಲಿ ದಿನವಿಡೀ ಮಗ್ಗದ ಮುಂದೆ ನಿಲ್ಲುವ ನಮಗೆ ಇಂಥದ್ದಕ್ಕೆಲ್ಲ ಒಂದೇ ಹೆಸರು: ಉಷ್ಣ. ಎಳನೀರು ಕುಡಿದು ನೆತ್ತಿಗೆ ಹರಳೆಣ್ಣೆ ಹಾಕು ಎಂದ ಪಕ್ಕದ ಮಗ್ಗದವನು. ಹಾಕಿದೆ. ಆದರೆ ಹಿಂದಿನ ವಾರ ಗೆಳೆಯರ ಜೊತೆ ಹೋಗಿ ಯಾರ ಹತ್ತಿರ ಮಲಗಿ ಎದ್ದು ಬಂದಿದ್ದೆ ಎಂಬುದು ನನಗೆ ಗೊತ್ತಿತ್ತಲ್ಲ! ಗುರುತಿನವರಿಲ್ಲದ ಮೆಡಿಕಲ್ ಅಂಗಡಿ ಹುಡುಕಿ, ಮಾತ್ರೆ ತಂದು ಕದ್ದು ನುಂಗಿದೆ. ಎರಡು ದಿನಕ್ಕೆ ಉರಿ ನಿಂತಿತು, ಮಿಕ್ಕ ಮಾತ್ರೆ ಎಸೆದೆ. ಆ ದಿನಗಳಲ್ಲೂ ಹೆಂಡತಿಯಿಂದ ದೂರವಿರಲಿಲ್ಲ. ದೂರವಿದ್ದರೆ ಯಾಕೆ ಎಂದು ಕೇಳಿಯಾಳು ಎಂಬ ಭಯ.

ಅವಳಿಗೆ ಉರಿಯಿಲ್ಲ, ಕೀವಿಲ್ಲ. ಆಗಾಗ ಕಿಬ್ಬೊಟ್ಟೆ ನೋವು, ಅಷ್ಟೆ. ಮೂರು ವರ್ಷವಾದರೂ ಮಕ್ಕಳಾಗಲಿಲ್ಲ. ಅಮ್ಮ ಶಾಸ್ತ್ರ ಕೇಳಿಕೊಂಡು ಬಂದಳು. ಸೊಸೆಗೆ ನಾಗದೋಷ ಎಂದಾಯಿತು. ಘಾಟಿಯ ದೇವಸ್ಥಾನದಲ್ಲಿ ನಾಗಪ್ರತಿಷ್ಠೆ ಮಾಡಿಸಿದೆವು. ಉಪವಾಸವಿದ್ದವಳು ಅವಳು. ಯಾವ ಜನ್ಮದಲ್ಲಿ ಹಾವು ಕೊಂದಿದ್ದೆನೋ ಎಂದು ಅತ್ತವಳೂ ಅವಳೇ. ನಾನು ಪಕ್ಕದಲ್ಲಿ ಕಲ್ಲಿಗೆ ಹಾಲೆರೆಯುತ್ತ ಸುಮ್ಮನೆ ನಿಂತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಆಮೇಲೊಂದು ದಿನ ನೋವಿನ ಜೊತೆ ಜ್ವರವೂ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಅವಳನ್ನು ನೋಡಿ ನನ್ನನ್ನು ಒಳಗೆ ಕರೆದು, ಎಂದಾದರೂ ಉರಿ, ಕೀವು ಇತ್ತೇ ಎಂದು ನೇರವಾಗಿ ಕೇಳಿದರು. ಇಲ್ಲ ಎಂದೆ. ಅವರು ವಾದಿಸಲಿಲ್ಲ. ಉರಿ ನಿಂತ ಮಾತ್ರಕ್ಕೆ ಸೋಂಕು ಹೋಗಿರುವುದಿಲ್ಲ, ಹೆಂಗಸರಿಗೆ ಹೊರಗೇನೂ ಕಾಣದೆ ಒಳಗೇ ಗರ್ಭನಾಳ ಕೆಡಬಹುದು, ಒಬ್ಬರಿಗೇ ಔಷಧಿ ಕೊಟ್ಟರೆ ಇನ್ನೊಬ್ಬರಿಂದ ಮತ್ತೆ ಬರುತ್ತದೆ ಎಂದು ಬಿಡಿಸಿ ಹೇಳಿದರು. ಇಬ್ಬರ ರಕ್ತ, ನನ್ನ ಮೂತ್ರ, ಅವಳ ಒಳಗಿನ ಸ್ರಾವ ಪರೀಕ್ಷೆಗೆ ಹೋಯಿತು. ಇಬ್ಬರಲ್ಲೂ ಒಂದೇ ಸೋಂಕು. ಜೊತೆಯಲ್ಲೇ ಔಷಧಿ ಮುಗಿಸಿದೆವು, ಸೋಂಕು ಹೋಯಿತು. ಮುಚ್ಚಿಹೋಗಿದ್ದ ಅವಳ ಗರ್ಭನಾಳಗಳು ತೆರೆಯಲಿಲ್ಲ.

ಅದು ತಿಳಿದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಅವಳಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು, "ಅವತ್ತೇ ನನ್ನೂ ಇಲ್ಲಿಗೆ ಕರ್ಕೊಂಡು ಬಂದಿದ್ರೆ ಆಗ್ತಿತ್ತಲ್ಲಾ ರೀ," ಎಂದಳು. ಇನ್ನು ಮುಂದೆ ಮಕ್ಕಳ ವಿಷಯ ಯಾರೇ ಎತ್ತಲಿ, ಉತ್ತರ ನೀವೇ ಹೇಳಬೇಕು ಎಂದು ಮಾತು ತೆಗೆದುಕೊಂಡಳು.

ಹೋದ ತಿಂಗಳು ನೆಂಟರ ಗೃಹಪ್ರವೇಶದಲ್ಲಿ ಊಟಕ್ಕೆ ಕೂತಾಗ ನನ್ನ ಚಿಕ್ಕಮ್ಮ ಅವಳನ್ನು, ಏನಮ್ಮಾ, ಏನಾದರೂ ವಿಶೇಷವೇ ಎಂದು ಕೇಳಿದಳು. ಹೆಂಡತಿ ನನ್ನ ಕಡೆ ತಿರುಗಿದಳು. ಪಂಕ್ತಿಯ ತುಂಬ ಜನ.

"ಎಲ್ಲಾ ದೇವರಿಚ್ಛೆ, ಚಿಕ್ಕಮ್ಮ," ಎಂದೆ.

ಹೆಂಡತಿ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು.

"ದೇವ್ರಲ್ಲ ಚಿಕ್ಕತ್ತೆ," ಎಂದಳು. "ಇವರು."